ಎಂಟನೆಯ ಮಾಹ್‌ಪಾರಾ

“ಎಣಿಸಿ ಪಾವ್ರಿಜಿ, ನೀವೇ ಎಣಿಸಿ. ನನಗಂತೂ ಎಣಿಸಿ ಎಣಿಸಿ ಕಣ್ಣು ನೋಯ್ತಿದೆ,” ಎಂದರು ನಿರ್ಮಾಪಕ ಜಮನಾದಾಸ್ ಶೇಠರು.

ಖಾಸಗಿ ಪತ್ತೇದಾರ ಜಾಲ್ ಪಾವ್ರಿ ಕುರ್ಚಿಯ ಅಂಚಿಗೆ ಸರಿದು ಕೂತರು. ಅಂಧೇರಿಯ ಆ ಸ್ಟುಡಿಯೋದ ಪುಟ್ಟ ಪ್ರೊಜೆಕ್ಷನ್ ಕೋಣೆಯಲ್ಲಿ ಫ್ಯಾನು ಕೆಟ್ಟಿತ್ತು. ಬೆವರು ಕುತ್ತಿಗೆಯಿಂದ ಇಳಿಯುತ್ತಿದ್ದರೂ ಅವರಿಗೆ ಅದರ ಪರಿವೆ ಇರಲಿಲ್ಲ.

ತೆರೆಯ ಮೇಲೆ ಮಾಂತ್ರಿಕನೊಬ್ಬ ಕನ್ನಡಿಯನ್ನು ನೆಲಕ್ಕೆ ಅಪ್ಪಳಿಸಿದ. ಕನ್ನಡಿ ಏಳು ಚೂರಾಯಿತು. ಒಂದೊಂದು ಚೂರಿನಿಂದಲೂ ಒಬ್ಬೊಬ್ಬ ಅಪ್ಸರೆಯಂಥ ಪರಿ ಎದ್ದು ಬಂದಳು. ಏಳೂ ಜನರಿಗೆ ಒಂದೇ ಮುಖ, ಅದನ್ನು ಅರ್ಧ ಮುಚ್ಚಿದ ಮುಸುಕಿನ ಮೇಲೆ ಒಂದೇ ಜೋಡಿ ಕಣ್ಣು. ಏಳೂ ಜನ ಒಬ್ಬಳೇ ನಟಿ, ಮಾಹ್‌ಪಾರಾ. ಒಬ್ಬಳು ಬಲಕ್ಕೆ ಸುತ್ತಿದರೆ ಇನ್ನೊಬ್ಬಳು ಎಡಕ್ಕೆ, ಒಬ್ಬಳು ಕೂತರೆ ಇನ್ನೊಬ್ಬಳು ಜಿಗಿದು ನಿಂತಳು.

ಪಾವ್ರಿ ಬೆರಳು ಮಡಚುತ್ತ ಎಣಿಸಿದರು. ಏಳು ಸರಿಯಾಗಿಯೇ ಇತ್ತು.

ಆಗ ಹಿಂದಿನ ಕತ್ತಲೆಯಿಂದ ಮತ್ತೊಬ್ಬಳು ಬಂದಳು. ಅದೇ ಉಡುಗೆ, ಅದೇ ಮುಸುಕು. ಏಳೂ ಜನರ ನಡುವಿನ ಖಾಲಿ ಜಾಗದಲ್ಲಿ, ಯಾರಿಗೂ ಸೆರಗು ತಾಗಿಸದೆ, ಸುತ್ತುತ್ತ ಸುತ್ತುತ್ತ ಮುಂದಕ್ಕೆ ಬಂದು, ಕ್ಯಾಮೆರಾಕ್ಕೆ ಒಂದು ಸಲಾಮು ಮಾಡಿ ಅದೇ ದಾರಿಯಲ್ಲಿ ವಾಪಸು ಹೋದಳು.

“ಅರೆ ಬಾವಾ! ನಿಲ್ಸು, ಅಲ್ಲೇ ನಿಲ್ಸು!” ಪಾವ್ರಿ ಕೂಗಿದರು.

“ನಿಲ್ಸಿದ್ರೆ ಫಿಲ್ಮ್ ಸುಟ್ಟೋಗುತ್ತೆ ಸಾಹೇಬ್,” ಹಿಂದಿನಿಂದ ಕ್ಯಾಮೆರಾಮನ್ ದಾಜಿಬಾ ಸುರ್ವೆ ಹೇಳಿದ. “ಬೇಕಾದ್ರೆ ಮೊದಲಿಂದ ಓಡಿಸ್ತೀನಿ.”

ಹಿಂದಿನ ದಿನ ಶೇಠರು ಫೋನು ಮಾಡಿ ‘ನಮ್ಮ ಚಿತ್ರದೊಳಗೆ ಯಾರೋ ಕದ್ದು ನುಗ್ಗಿದ್ದಾರೆ’ ಎಂದಾಗ ಪಾವ್ರಿ ಬೀಗ ಒಡೆದ ಕಳ್ಳನನ್ನು ಊಹಿಸಿಕೊಂಡಿದ್ದರು. ನುಗ್ಗಿದ್ದು ನಿಜಕ್ಕೂ ಚಿತ್ರದೊಳಗೇ ಎಂದು ಈಗ ತಿಳಿಯಿತು.

“ಇವಳು ಯಾರು?” ಎಂದರು ಪಾವ್ರಿ.

“ಅದನ್ನ ಹೇಳೋಕೇ ನಿಮ್ಮನ್ನ ಕರೆಸಿದ್ದು!” ಶೇಠರು ಕರವಸ್ತ್ರದಿಂದ ಬೋಳುತಲೆ ಒರೆಸಿಕೊಂಡರು. “ಶುಕ್ರವಾರ ದಿಲ್ಲಿ ಕಡೆಯ ವಿತರಕರೆಲ್ಲ ಚಿತ್ರ ನೋಡೋಕೆ ಬರ್ತಾರೆ. ಅಷ್ಟರೊಳಗೆ ಇವಳು ಯಾರು ಅಂತ ಗೊತ್ತಾಗಬೇಕು, ಇವಳ ಒಪ್ಪಿಗೆ ನನ್ನ ಕೈಯಲ್ಲಿರಬೇಕು. ಇಲ್ಲದಿದ್ರೆ ಇಡೀ ಕುಣಿತ ಕತ್ತರಿಸಿ ಬಿಸಾಕ್ತೀನಿ. ನಾಳೆ ಯಾವಳೋ ಬಂದು ‘ನನ್ನ ಮುಖ ತೋರಿಸಿದ್ದೀರಿ’ ಅಂತ ಕೋರ್ಟಿಗೆ ಹೋದ್ರೆ ಚಿತ್ರವೇ ನಿಂತುಹೋಗುತ್ತೆ.”

“ಅವಳ ಮುಖ ಎಲ್ಲಿ ಕಾಣುತ್ತೆ ಶೇಠ್‌ಜಿ? ಮುಸುಕಿದೆಯಲ್ಲ.”

ಆ ಮಾತು ಬಂದದ್ದು ಮೂಲೆಯಿಂದ. ಅಲ್ಲಿ ಹತ್ತಿ ಸೀರೆಯುಟ್ಟು, ಕಾಲು ಚಾಚಿ ಕೂತು, ತಟ್ಟೆಯಿಂದ ಏನನ್ನೋ ತಿನ್ನುತ್ತಿದ್ದವಳು ಲೇಯಾ ಪೆಣ್ಕರ್. ಇಡೀ ಹಿಂದುಸ್ತಾನದ ಟಾಕೀಸುಗಳ ಮುಂದಿನ ಬೆಂಚುಗಳಿಗೆ ಅವಳು ಮಾಹ್‌ಪಾರಾ. ಪಾವ್ರಿಯವರು ಅವಳ ಒಂದು ಚಿತ್ರವನ್ನೂ ಬಿಟ್ಟವರಲ್ಲ. ಈ ಸಂಗತಿಯನ್ನು ಹೆಂಡತಿ ಖೊರ್ಶೇದ್‌ಗೂ ಅವರು ಪೂರ್ತಿ ಹೇಳಿರಲಿಲ್ಲ.

“ನಿನಗೆ ನಗು ಬೇರೆ ಬರುತ್ತಲ್ಲ ಲೇಯಾಬಾಯಿ,” ಶೇಠರು ಸಿಡುಕಿದರು.

“ಅಳಲಾ ಮತ್ತೆ? ನನಗಿಂತ ಚೆನ್ನಾಗಿ ಕುಣಿದಿದ್ದಾಳೆ. ಪಾವ್ರಿ ಸಾಹೇಬ್ರೇ, ಹಲ್ವ ತಗೊಳ್ಳಿ. ತೆಂಗಿನ ಹಾಲಿಂದು, ನಮ್ಮ ಆಯಿ ಮಾಡಿದ್ದು, ಅಮ್ಮನ ಕೈರುಚಿ.”

ಪಾವ್ರಿ ತಗೊಂಡರು.

*

ಕುಣಿತ ಚಿತ್ರೀಕರಣವಾದ ಮೂರನೇ ನಂಬರಿನ ಸ್ಟೇಜು ಇನ್ನೂ ಹಾಗೇ ಇತ್ತು. ಹಿಂದೆ ಕಪ್ಪು ಮಖಮಲ್ಲಿನ ಗೋಡೆ, ನೆಲದ ತುಂಬ ಸೀಮೆಸುಣ್ಣದ ಗೆರೆ.

ಸುರ್ವೆ ವಿವರಿಸಿದ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಹಾರುವ ಕಂಬಳಿ, ಬೆಂಕಿ ಉಗುಳುವ ಹಕ್ಕಿ, ಬಾಟಲಿಯೊಳಗಿನ ಭೂತ ಇವೆಲ್ಲ ಅವನ ಕೈಯ ಕೆಲಸ.

“ಕ್ಯಾಮೆರಾ ಕದಲಿಸೋ ಹಾಗಿಲ್ಲ ಸಾಹೇಬ್. ಬಾಯಿ ಮೊದಲು ಒಂದು ಜಾಗದಲ್ಲಿ ಕುಣೀತಾರೆ. ಫಿಲ್ಮನ್ನ ಕತ್ತಲೆಯಲ್ಲಿ ಹಿಂದಕ್ಕೆ ಸುತ್ತುತ್ತೀನಿ. ಮಾರನೇ ದಿನ ಅದೇ ಫಿಲ್ಮ್ ಮೇಲೆ ಇನ್ನೊಂದು ಜಾಗದಲ್ಲಿ ಕುಣೀತಾರೆ. ಹಿಂದೆ ಕಪ್ಪಿರೋದ್ರಿಂದ ಮೊದಲಿನವಳು ಅಳಿಸಿಹೋಗಲ್ಲ. ಹೀಗೆ ಏಳು ಸಲ.”

“ಏಳನೆಯದು ಮುಗಿದದ್ದು ಯಾವಾಗ?”

“ಗಣಪತಿ ವಿಸರ್ಜನೆಯ ಹಿಂದಿನ ದಿನ. ಮಾರನೇ ದಿನ ಲ್ಯಾಬಿಗೆ ರಜ. ಫಿಲ್ಮ್ ಕ್ಯಾಮೆರಾದಲ್ಲೇ ಇತ್ತು.”

“ಅಂದ್ರೆ ವಿಸರ್ಜನೆ ದಿನ, ಎಲ್ಲರೂ ಸಮುದ್ರದ ಕಡೆ ಹೋಗಿದ್ದಾಗ, ಯಾರೋ ಬಂದು ಎಂಟನೇ ಸಲ ಓಡಿಸಿದ್ದಾರೆ.”

“ಇರಬಹುದು ಸಾಹೇಬ್.”

ಪಾವ್ರಿ ಮಂಡಿಯೂರಿ ನೆಲದ ಗೆರೆಗಳನ್ನು ನೋಡಿದರು. ಏಳು ಬಣ್ಣದ ಸೀಮೆಸುಣ್ಣ, ಏಳು ಪರಿಯರ ಅಂಗಳ. ಅಂಗಳಗಳ ಮಧ್ಯೆ, ಹಿಂದಿನ ಗೋಡೆಯಿಂದ ಕ್ಯಾಮೆರಾದವರೆಗೆ, ಒಂದು ಆಳು ಆರಾಮವಾಗಿ ಸುತ್ತಿ ಬರುವಷ್ಟು ಅಗಲದ ಬರಿ ನೆಲ. ಏಳು ಗೆರೆಗಳಲ್ಲಿ ಒಂದೂ ಅದರೊಳಕ್ಕೆ ಚಾಚಿರಲಿಲ್ಲ.

ಅವರು ಎದ್ದು ಪ್ಯಾಂಟಿನ ಮಂಡಿ ಕೊಡವಿಕೊಂಡರು.

ಉಡುಗೆ ಕೊಠಡಿಯಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಬೆಳ್ಳಿ ಜರಿಯ ಆ ಉಡುಗೆ ಇದ್ದದ್ದು ಒಂದೇ. ವಿಸರ್ಜನೆಯ ಮಾರನೇ ದಿನ ನೋಡಿದಾಗ ಅದು ಮೊಳೆಯ ಮೇಲೇ ನೇತಾಡುತ್ತಿತ್ತು. ಆದರೆ ಲೇಯಾ ಯಾವಾಗಲೂ ಉಡುಗೆ ಕಳಚಿ ಹಾಗೇ ಎಸೆಯುವವಳು. ಅವತ್ತು ಯಾರೋ ಅದನ್ನು ನೆರಿಗೆ ಹಿಡಿದು, ಮಡಿಕೆ ತಪ್ಪದಂತೆ ತೂಗುಹಾಕಿದ್ದರು. ಸೊಂಟದ ಗುಂಡಿಯನ್ನು ಒಂದು ಬೆರಳಷ್ಟು ಒಳಕ್ಕೆ ಸರಿಸಿ ಹೊಲಿದದ್ದು ಕೂಡ ಹಾಗೇ ಇತ್ತು.

“ನನಗಿಂತ ಸಣ್ಣ ಸೊಂಟ,” ಲೇಯಾ ಗುಂಡಿಯನ್ನು ನೋಡಿ ನಕ್ಕಳು. “ಹಲ್ವ ತಿನ್ನದವಳು ಯಾರೋ.”

*

ನೃತ್ಯದ ಮಾಸ್ಟರ್ ಹೀರಾಮನ್‌ಜಿ ಲಖನೌದವರು. ಹಲ್ಲು ಹೋಗಿದ್ದವು, ಕಾಲು ಹೋಗಿರಲಿಲ್ಲ. ಅವರನ್ನು ಕರೆತಂದು ಪಾವ್ರಿ ಮತ್ತೊಮ್ಮೆ ಚಿತ್ರ ಓಡಿಸಿದರು. ಮುದುಕರು ಕಣ್ಣು ಕಿರಿದು ಮಾಡಿ ನೋಡಿದರು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎಂಟನೆಯವಳು ಸುತ್ತತೊಡಗಿದಾಗ ಬೆರಳು ನಿಂತಿತು.

“ಹೆಜ್ಜೆ ನನ್ನದು,” ಎಂದರು.

“ಅಂದ್ರೆ ನಿಮ್ಮ ಶಿಷ್ಯೆ?”

“ಅಲ್ಲ. ನನ್ನ ಕೈಯಲ್ಲಿ ಕಲಿತ ಮೈ ಅಲ್ಲ ಅದು. ತಪ್ಪು ನೋಡಿದ್ರಾ? ಸುತ್ತುವಾಗ ಬಲ ಮೊಣಕೈ ಪಕ್ಕೆಗೆ ಒತ್ತಿಕೊಳ್ತಾಳೆ. ರೆಕ್ಕೆ ಮುರಿದ ಕೋಳಿ ಹಾಗೆ. ಆ ತಪ್ಪು ಲೇಯಾಳದ್ದು.”

ಲೇಯಾ ತಟ್ಟೆ ಕೆಳಗಿಟ್ಟಳು.

“ಚಿಕ್ಕವಳಿದ್ದಾಗ ಇವಳು ಚಾಳಿನ ವಠಾರದ ಮೊಗಸಾಲೆಯಲ್ಲಿ ಅಭ್ಯಾಸ ಮಾಡ್ತಿದ್ಲು,” ಮಾಸ್ಟರ್‌ಜಿ ಮುಂದುವರಿಸಿದರು. “ಮೊಗಸಾಲೆ ಇಷ್ಟೇ ಅಗಲ. ಕೈ ಚಾಚಿದ್ರೆ ಕಟಾಂಜನಕ್ಕೆ ಮೊಣಕೈ ಬಡಿಯೋದು. ಅದಕ್ಕೆ ಒತ್ತಿಕೊಳ್ಳೋದು ಅಭ್ಯಾಸ ಆಗಿತ್ತು. ಬೈದು ಬೈದು ಬಿಡಿಸಿದೆ. ಈಗ ನೋಡಿ, ಏಳು ಜನರಲ್ಲಿ ಒಬ್ಬಳಿಗೂ ಆ ತಪ್ಪಿಲ್ಲ. ಎಂಟನೆಯವಳಿಗಿದೆ.”

“ಹಾಗಾದ್ರೆ ಮಾಸ್ಟರ್‌ಜಿ, ಲೇಯಾಬಾಯಿಗೆ ಆ ತಪ್ಪು ಇದ್ದ ಕಾಲದಲ್ಲಿ ಅವರಿಂದಲೇ ಯಾರೋ ಕಲಿತಿದ್ದಾರೆ.”

“ಅದನ್ನ ನೀವು ಅವಳನ್ನೇ ಕೇಳಿ ಭಾಯಿ. ಏನು ಮಗಳೇ, ನನಗೆ ಹೇಳದೆ ಶಾಲೆ ನಡೆಸ್ತಿದ್ಯಾ?”

ಲೇಯಾ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ಅವಳ ಮುಖದಲ್ಲಿ ಭಯವಿರಲಿಲ್ಲ. ತುಂಬ ಹಿಂದಿನ ಯಾವುದೋ ಹಬ್ಬದ ದಿನವನ್ನು ನೆನಪಿಸಿಕೊಂಡವಳ ಹಾಗಿದ್ದಳು.

*

ಅವಳ ಮೇಕಪ್ ಕೋಣೆಯಲ್ಲಿ ಕನ್ನಡಿಯ ಸುತ್ತ ಹಳೆಯ ಚಿತ್ರಗಳ ಫೋಟೋ ಅಂಟಿಸಿದ್ದವು. ನಾಗಕನ್ಯೆ, ಸಮುದ್ರದ ರಾಣಿ, ಕಲ್ಲಿನಿಂದ ಜೀವ ಬಂದ ಪ್ರತಿಮೆ. ಒಂದರಲ್ಲಿ ಅವಳು ಹದ್ದಿನ ಬೆನ್ನೇರಿ ಮೋಡದಲ್ಲಿದ್ದಳು. ಪಾವ್ರಿ ಆ ಚಿತ್ರವನ್ನು ಗ್ರಾಂಟ್ ರೋಡಿನಲ್ಲಿ ನಾಲ್ಕು ಸಲ ನೋಡಿದ್ದರು.

“ಕೂತ್ಕೊಳ್ಳಿ ಸಾಹೇಬ್ರೇ. ಏನು ನೋಡ್ತಿದ್ದೀರಿ? ಆ ಮೋಡ ಇದೆಯಲ್ಲ, ಅದು ಆಸ್ಪತ್ರೆ ಹತ್ತಿ. ಮೂಗಿಗೆ ಹೋಗಿ ಎರಡು ದಿನ ಸೀನಿದ್ದೆ.”

“ಮೊದಲ ಸಲ ಯಾರು ಹಾರಿಸಿದ್ದು ನಿಮ್ಮನ್ನ?”

“ಅದೊಂದು ಕತೆ.” ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದಳು. “ನಾನು ಹಿಂದಿನ ಸಾಲಿನಲ್ಲಿ ಕುಣಿಯೋಳು. ರಾಜಕುಮಾರಿ ಪಾತ್ರಕ್ಕೆ ಯಾರೋ ದೊಡ್ಡವರು ಬಂದಿದ್ರು. ತಂತಿಗೆ ಕಟ್ಟಿ ಮೇಲೆತ್ತಿದ್ರೆ ಪಾಪ, ಬೊಂಬೆ ಹಾಗೆ ಗಿರಗಿರ ಅಂತ ಸುತ್ತೋದು, ಕಿರುಚೋದು. ದಾಜಿಬಾ ಆಗಿನ್ನೂ ಹೊಸಬ. ‘ಕುಣಿಯೋ ಹುಡುಗೀನ ಕಟ್ಟಿ ನೋಡಿ, ಅವಳಿಗೆ ಮೈ ಹಿಡಿತ ಇರುತ್ತೆ’ ಅಂದ. ಕಟ್ಟಿದ್ರು. ನಾನು ಮೇಲೆ ಹೋಗಿ ನಿಂತುಬಿಟ್ಟೆ, ಗಾಳಿಯಲ್ಲಿ, ಒಂದು ಕಾಲು ಮಡಚಿ. ಕೆಳಗಿದ್ದೋರೆಲ್ಲ ಸುಮ್ಮನಾದ್ರು. ಅವತ್ತಿಂದ ಇವತ್ತಿನವರೆಗೆ ನನಗೆ ನೆಲದ ಮೇಲೆ ನಡೆಯೋ ಪಾತ್ರವನ್ನೇ ಯಾರೂ ಕೊಟ್ಟಿಲ್ಲ.”

“ಬೇಜಾರಿಲ್ವಾ?”

“ಯಾಕೆ ಬೇಜಾರು? ಪೇಪರಿನವರು ಮೂಗು ಮುರೀತಾರೆ. ‘ಜಾದೂ ಚಿತ್ರದ ನಟಿ’ ಅಂತಾರೆ. ಆದ್ರೆ ಭೆಂಡಿ ಬಜಾರಿನಲ್ಲಿ ದರ್ಜಿಗಳು ಈದ್‌ಗೆ ಮಾಹ್‌ಪಾರಾ ನಮೂನೆಯ ತೋಳು ಹೊಲೀತಾರೆ. ಮಾಲೇಗಾಂವ್‌ನಲ್ಲಿ ಒಬ್ಬ ಮುದುಕಿ ನನ್ನ ಬೆನ್ನು ತಡವಿ ನೋಡಿದ್ಲು, ರೆಕ್ಕೆಯ ಬುಡ ಇದೆಯಾ ಅಂತ. ಅಳಿಸೋ ನಟಿಯರು ಬೇಕಾದಷ್ಟಿದ್ದಾರೆ ಸಾಹೇಬ್ರೇ. ನಾನು ಜನಾನ ಕತ್ತೆತ್ತಿ ನೋಡೋ ಹಾಗೆ ಮಾಡಿದೆ. ಅಷ್ಟು ಸಾಕು.”

ಪಾವ್ರಿ ಹೌದೆಂದು ತಲೆಯಾಡಿಸಿದರು. ವಾರವಿಡೀ ಜಗಳಗಂಟ ಬಾಡಿಗೆದಾರರ, ಓಡಿಹೋದ ಗಂಡಂದಿರ ಹಿಂದೆ ಅಲೆದು, ಶನಿವಾರ ಮಧ್ಯಾಹ್ನ ಕತ್ತೆತ್ತಿ ಅವಳನ್ನು ನೋಡಿದವರಲ್ಲಿ ಅವರೂ ಒಬ್ಬರು.

“ಈ ಕುಣಿತ ನನ್ನ ಕೊನೇದು,” ಅವಳೇ ಹೇಳಿದಳು. “ಮೊಣಕಾಲು ಇನ್ನು ಕೇಳಲ್ಲ ಅಂತಿದೆ. ಇನ್ನೊಮ್ಮೆ ಮಾಡು ಅಂದ್ರೆ ಆಗಲ್ಲ. ಅದಕ್ಕೇ ಶೇಠ್‌ಜಿ ಕತ್ತರಿಸೋದು ಬೇಡ. ಅಷ್ಟು ಮಾತ್ರ ನೋಡಿಕೊಳ್ಳಿ.”

“ವಿಸರ್ಜನೆ ದಿನ ನೀವು ಎಲ್ಲಿದ್ರಿ? ಕೇಳಲೇಬೇಕು, ತಪ್ಪು ತಿಳೀಬೇಡಿ.”

“ನಮ್ಮ ಯೆಹೂದಿಗಳಿಗೆ ಮಾರನೇ ದಿನ ಮಾಂಡವದ ಹಬ್ಬ. ಭಾಯಖಳದ ನಮ್ಮ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಚಪ್ಪರ ಕಟ್ಟಿ, ಹಣ್ಣು ಇಳಿಬಿಟ್ಟು, ಅವತ್ತು ಸಂಜೆವರೆಗೂ ಅಲ್ಲೇ. ನಮ್ಮ ಜನ, ಅರ್ಧ ಬಿರಾದರಿಯೇ ನೋಡಿದೆ. ಮೂಸಂಬಿ ಕಟ್ಟುವಾಗ ಏಣಿಯಿಂದ ಬಿದ್ದದ್ದನ್ನಂತೂ ಎಲ್ಲರೂ ನೋಡಿದ್ದಾರೆ. ತಂತಿ ಮೇಲೆ ಬೀಳದವಳು ಏಣಿಯಿಂದ ಬಿದ್ದೆ ಅಂತ ಇನ್ನೂ ನಗ್ತಿದ್ದಾರೆ.”

“ಮೊಗಸಾಲೆಯಲ್ಲಿ ನಿಮ್ಮಿಂದ ಕಲಿತವಳು ಯಾರು?”

ಲೇಯಾ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ನನ್ನ ತಂಗಿ, ರಿವ್ಕಾ. ನಾನು ಮಾಸ್ಟರ್‌ಜಿ ಹತ್ರ ಕಲಿತು ಬಂದು ಸಂಜೆ ಅವಳಿಗೆ ಹೇಳಿಕೊಡ್ತಿದ್ದೆ. ಆಮೇಲೆ ಇಬ್ಬರೂ ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಕುಣಿದ್ವಿ. ಎರಡು ವರ್ಷ. ನಾನು ಮೇಲಕ್ಕೆ ಹಾರಿದೆ. ಅವಳು ಮದುವೆಯಾಗಿ ಹಡಗು ಹತ್ತಿದ್ಲು.”

“ಎಲ್ಲಿಗೆ?”

“ಇಸ್ರೇಲಿಗೆ. ನಮ್ಮವರು ತುಂಬ ಜನ ಹೋದ್ರಲ್ಲ. ಮರಳುಗಾಡಿನಲ್ಲಿ ಒಂದು ಊರು, ಬೇರ್‌ಶೇಬಾ ಅಂತ. ಗಂಡ ಅಲ್ಲಿ ಫಿಟರ್. ಚೆನ್ನಾಗಿದ್ದೀವಿ ಅಂತ ಬರೀತಿರ್ತಾಳೆ.” ಅವಳು ತಲೆಯಾಡಿಸಿದಳು. “ಅವಳು ಹೇಗೆ ಇಲ್ಲಿಗೆ ಬರ್ತಾಳೆ ಸಾಹೇಬ್ರೇ? ಬಂದಿದ್ರೆ ಮೊದಲು ಆಯಿಯ ಅಡುಗೆಮನೆಗೆ ನುಗ್ತಿದ್ಲು.”

ಹಾಗೆಂದರೂ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಯಾರೋ ಈಗ ಒಳಗೆ ಬಂದರೂ ಬರಬಹುದು ಎಂಬಂತೆ.

*

ಸುರ್ವೆಯ ಟ್ರಿಕ್ ಕೋಣೆ ಸ್ಟುಡಿಯೋದ ಹಿಂಭಾಗದಲ್ಲಿತ್ತು. ಮೇಜಿನ ಮೇಲೆ ಮೊಣಕಾಲೆತ್ತರದ ಅರಮನೆ, ಗಾಜಿನ ಮೇಲೆ ಬರೆದ ಬೆಟ್ಟ, ತೊಟ್ಟಿಯಲ್ಲಿ ಕುದುರೆಮುಖದ ಹಡಗು. ಪಾವ್ರಿ ಅರಮನೆಯನ್ನು ಬಳಸಿ ಹೋಗಿ ಅವನ ಎದುರಿನ ಸ್ಟೂಲಿನ ಮೇಲೆ ಕೂತರು. ಸ್ಟೂಲು ಕಿರುಗುಟ್ಟಿತು.

“ಡಿಕ್ರಾ, ನನ್ನ ಮಗನೇ, ವಿಸರ್ಜನೆ ದಿನ ನೀನೆಲ್ಲಿದ್ದೆ?”

“ಗಿರ್ಗಾಂವ್ ಚೌಪಾಟಿಯಲ್ಲಿ ಸಾಹೇಬ್. ನಮ್ಮ ಚಾಳಿನ ಗಣಪತಿ ಮುಳುಗಿಸೋಕೆ.”

“ಮೆರವಣಿಗೆ ಜೋರಾಗಿತ್ತಾ?”

“ಜೋರಾಗಿತ್ತು. ಲೇಝಿಮ್, ಢೋಲು, ಎಲ್ಲ.”

“ಮಧ್ಯಾಹ್ನ ನಾನು ಲಾಲ್‌ಬಾಗ್‌ಗೆ ಹೋಗಿದ್ದೆ, ನಿನ್ನ ಚಾಳಿಗೆ. ಕೆಳಗಿನ ಮನೆಯ ಹೆಂಗಸು, ನಿಮ್ಮ ಕಾಕು, ಒಳ್ಳೇ ಅವಲಕ್ಕಿ ಪೋಹಾ ಕೊಟ್ಟರು.” ಪಾವ್ರಿ ಸಾವಧಾನವಾಗಿ ಮಾತಾಡುತ್ತಿದ್ದರು. “ನಿಮ್ಮ ಚಾಳಿನದು ಐದು ದಿನದ ಗಣಪತಿ. ಐದನೇ ದಿನಕ್ಕೇ ಮುಳುಗಿಸಿದ್ದಾರೆ. ಅವತ್ತು ನೀನೇ ಮುಂದೆ ನಿಂತು ಹೊತ್ತಿದ್ದೆಯಂತೆ. ಕೊನೇ ದಿನ ಮಾತ್ರ ನೀನು ಊಟದ ಡಬ್ಬಿ ಕಟ್ಟಿಸಿಕೊಂಡು ಕೆಲಸಕ್ಕೆ ಹೋದೆ ಅಂದ್ರು ಕಾಕು. ಹಬ್ಬದ ದಿನಾನೂ ಎಂಥಾ ಕೆಲಸ ಅಂತ ಅವರಿಗೆ ಬೇಜಾರು.”

ಸುರ್ವೆ ಕೈಯಲ್ಲಿದ್ದ ಕುಂಚವನ್ನು ನೀರಿಗೆ ಅದ್ದಿದ. ತೆಗೆದ. ಮತ್ತೆ ಅದ್ದಿದ.

“ಆ ಎಂಟನೆಯವಳು ಉಳಿದ ಏಳು ಜನರಷ್ಟೇ ಬೆಳಕಲ್ಲಿದ್ದಾಳೆ,” ಪಾವ್ರಿ ಬಿಡಲಿಲ್ಲ. “ಹೆಚ್ಚಿಲ್ಲ, ಕಡಿಮೆಯಿಲ್ಲ. ನೆಲದ ಮೇಲೆ ಅವಳಿಗೆ ದಾರಿ ಮೊದಲ ದಿನದಿಂದಲೇ ಬಿಟ್ಟಿದೆ. ಆ ಗೆರೆ ಎಳೆದ ಕೈ ಯಾರದು?”

“ನನ್ನದೇ. ಆದ್ರೆ ಆ ದಾರಿ ಅವಳಿಗೆ ಅಂತ ಬಿಟ್ಟದ್ದಲ್ಲ ಸಾಹೇಬ್, ದೇವರಾಣೆ! ಮಧ್ಯೆ ಕಾರಂಜಿ ಬರುತ್ತೆ, ಜಾಗ ಬಿಡು ಅಂತ ಶೇಠ್‌ಜಿ ಹೇಳಿದ್ರು. ಆಮೇಲೆ ಕಾರಂಜಿ ಬೇಡ ಅಂದ್ರು.”

“ಸರಿ. ಕ್ಯಾಮೆರಾ ಓಡಿಸಿದ ಕೈ?”

ಸುರ್ವೆ ಕುಂಚದ ನೀರನ್ನು ಬಟ್ಟೆಗೆ ಒತ್ತಿದ.

“ನೋಡು ಡಿಕ್ರಾ. ಶೇಠ್‌ಜಿ ಶುಕ್ರವಾರ ಆ ಕುಣಿತ ಕತ್ತರಿಸ್ತಾರೆ. ಲೇಯಾಬಾಯಿ ಇನ್ನೊಮ್ಮೆ ಅದನ್ನ ಕುಣಿಯೋಕಾಗಲ್ಲ. ಅವರನ್ನ ಮೊದಲು ಗಾಳಿಗೇರಿಸಿದವನು ನೀನು. ಅವರ ಕೊನೇ ಕುಣಿತ ಕಸದ ಬುಟ್ಟಿಗೆ ಹೋಗೋದನ್ನ ನೋಡ್ತಾ ಕೂತ್ಕೋತೀಯಾ?”

ಅವನು ಕುಂಚ ಕೆಳಗಿಟ್ಟ. ಕಣ್ಣು ತುಂಬಿತ್ತು.

“ಒಳ್ಳೇದೇ ಆಗುತ್ತೆ ಅಂದುಕೊಂಡಿದ್ದೆ ಸಾಹೇಬ್. ಅವರ ತಂಗಿ ಅವಳು.”

ಪಾವ್ರಿಗೆ ಅರ್ಧ ಗೊತ್ತಿದ್ದ ಮಾತು. ಆದರೂ ಅವರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

“ಹಿಂದಿನ ದಿನ ಸಂಜೆ ಸ್ಟೇಷನ್‌ನಲ್ಲಿ ಸಿಕ್ಕಿದ್ಲು. ಮುಸುಕು ಸರಿಸಿದಾಗ ಲೇಯಾಬಾಯಿಯೇ ಅಂದುಕೊಂಡೆ. ‘ದಾಜಿಬಾ, ಅಕ್ಕ ಏಳು ಜನ ಆಗಿ ಒಬ್ಬಳೇ ಕುಣೀತಿದ್ದಾಳಂತೆ. ಒಂದೇ ಒಂದು ಸಲ ಅವಳ ಪಕ್ಕ ನಾನೂ ಕುಣೀಬೇಕು. ಅವಳಿಗೆ ಹೇಳಬೇಡ, ತೆರೆ ಮೇಲೇ ನೋಡಲಿ’ ಅಂದ್ಲು. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಎಷ್ಟು ಚೆನ್ನಾಗಿ ಕುಣಿದಳು ಗೊತ್ತಾ? ಹಾಡು ಹಚ್ಚಿ, ದೀಪ ಹಚ್ಚಿ, ಕ್ಯಾಮೆರಾ ಓಡಿಸಿ, ಮುಗಿದ ಮೇಲೆ ನಾನೊಬ್ಬನೇ ಚಪ್ಪಾಳೆ ತಟ್ಟಿದೆ.”

“ಸ್ಟೇಜಿನ ಬೀಗ?”

“ಕೀಲಿ ಅವಳ ಹತ್ರವೇ ಇತ್ತು.”

“ಅವಳಿಗೆ ಯಾರು ಕೊಟ್ಟರು?”

“ಕೇಳಲಿಲ್ಲ ಸಾಹೇಬ್. ಲೇಯಾಬಾಯಿಯ ಆಯಿ ಏನಾದ್ರೂ ತೆಗೆಸಿಕೊಟ್ಟಿರಬಹುದು ಅಂದುಕೊಂಡೆ.”

“ಈಗ ಎಲ್ಲಿದ್ದಾಳೆ?”

“ಗೊತ್ತಿಲ್ಲ. ಹೋಗುವಾಗ ಇನ್ನೊಂದು ಕೆಲಸ ಹೇಳಿದ್ಲು.” ಸುರ್ವೆ ಎದ್ದು, ಗಾಜಿನ ಬೆಟ್ಟದ ಹಿಂದೆ ಕೈ ಹಾಕಿ ಚಿಕ್ಕದೊಂದು ತಗಡಿನ ಡಬ್ಬಿ ತೆಗೆದ. “ಉಳಿಕೆ ಫಿಲ್ಮಿನ ತುಂಡಿತ್ತು. ‘ಹತ್ತಿರದಿಂದ ನನ್ನ ಮುಖ ತೆಗಿ, ಅಕ್ಕ ಕುಣಿತ ನೋಡಿದ ಮೇಲೆ ಇದನ್ನ ಅವಳಿಗೆ ಮಾತ್ರ ತೋರಿಸು’ ಅಂದ್ಲು. ನಾನೇ ತೊಳೆದು ಇಟ್ಟಿದ್ದೀನಿ. ಶೇಠ್‌ಜಿ ಗಲಾಟೆ ನೋಡಿ ಹೆದರಿ ಸುಮ್ಮನಿದ್ದೆ.”

*

ಪ್ರೊಜೆಕ್ಷನ್ ಕೋಣೆಯ ಬಾಗಿಲಿಗೆ ಚಿಲಕ ಹಾಕಿದರು. ಒಳಗೆ ಮೂರೇ ಜನ. ಲೇಯಾ ಮುಂದಿನ ಕುರ್ಚಿಯಲ್ಲಿ, ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಸುರ್ವೆ ಹೇಳಿದ್ದನ್ನು ಕೇಳಿ ಅವಳು ಮೊದಲು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಿದ್ದಳು. ಆಮೇಲೆ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು.

ತೆರೆ ಬೆಳಗಿತು.

ಬೆಳ್ಳಿ ಜರಿಯ ಉಡುಗೆಯಲ್ಲಿ ಒಬ್ಬ ಹೆಂಗಸು. ಕುಣಿದು ದಣಿದು ಉಸಿರಾಡುತ್ತಿದ್ದಳು. ಅವಳು ಮುಸುಕು ಸರಿಸಿದಳು.

“ರಿವ್ಕೂ,” ಎಂದಳು ಲೇಯಾ. ಅಷ್ಟೇ.

ಅದೇ ಮುಖ, ಸ್ವಲ್ಪ ಸೊರಗಿದ್ದು, ಬಿಸಿಲಿಗೆ ಕಪ್ಪಾದದ್ದು. ತೆರೆಯ ಮೇಲಿನವಳು ಕ್ಯಾಮೆರಾವನ್ನೇ ನೋಡಿ ಮಾತಾಡತೊಡಗಿದಳು. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ.

“ಛೆ!” ಪಾವ್ರಿ ಹಣೆ ಚಚ್ಚಿಕೊಂಡರು. “ಧ್ವನಿ ಇಲ್ವಲ್ಲ!”

“ಬೇಡ,” ಲೇಯಾ ಕಣ್ಣು ತೆಗೆಯದೆ ಹೇಳಿದಳು. “ಹಿಂದಿನ ಸಾಲಿನಲ್ಲಿ ಕುಣಿಯೋರು ನಗುಮುಖ ಇಟ್ಟುಕೊಂಡೇ ಇರಬೇಕು, ಬ್ಯಾಂಡು ಕಿವಿ ಒಡೆಯೋ ಹಾಗೆ ಬಾರಿಸ್ತಿರುತ್ತೆ. ನಾವಿಬ್ಬರೂ ತುಟಿಯಲ್ಲೇ ಹರಟೆ ಹೊಡೀತಿದ್ವಿ. ನಾಯಕನ ವಿಗ್ ಜಾರ್ತಿದೆ ಅಂತ, ಊಟಕ್ಕೆ ಏನಿದೆ ಅಂತ. ಅವಳ ತುಟಿ ನನಗೆ ಕೇಳಿಸುತ್ತೆ.”

“ಏನಂತಾಳೆ?”

“‘ಅಕ್ಕಾ, ದಪ್ಪ ಆಗಿದ್ದೀಯ.’” ಲೇಯಾ ನಕ್ಕಳು, ಕಣ್ಣೀರು ಕೆನ್ನೆಗಿಳಿಯಿತು. “‘ಇಷ್ಟು ಸುಖ ಆಗಿ ಎಷ್ಟು ವರ್ಷ ಆಯ್ತು ಗೊತ್ತಾ? ನಿನ್ನ ಪಕ್ಕ ಕುಣಿದೆ. ಆಯಿಗೆ ಈಗಲೇ ಹೇಳಬೇಡ, ನಾನೇ ಬರ್ತೀನಿ. ನಾನು ಚೆನ್ನಾಗಿದ್ದೀನಿ, ಹೆದರಬೇಡ...’”

ಲೇಯಾ ಅಲ್ಲಿಗೆ ನಿಲ್ಲಿಸಿದಳು. ಮುಖದ ನಗು ಹಾಗೇ ಇತ್ತು. ತೆರೆಯ ಮೇಲೆ ರಿವ್ಕಾ ಒಮ್ಮೆ ಹಿಂದಿರುಗಿ ನೋಡಿ, ಮತ್ತೆ ಮುಂದೆ ಬಾಗಿ, ತುಂಬ ನಿಧಾನವಾಗಿ, ಮಗುವಿಗೆ ಪಾಠ ಹೇಳುವಂತೆ ತುಟಿ ಬಿಡಿಸಿ ಏನೋ ಹೇಳಿದಳು. ಎರಡು ಸಲ ಹೇಳಿದಳು. ಫಿಲ್ಮು ಮುಗಿದು ತೆರೆ ಬೆಳ್ಳಗಾಯಿತು.

“ದಾಜಿಬಾ, ಇನ್ನೊಮ್ಮೆ ಓಡಿಸು.”

ಅವನು ಓಡಿಸಿದ. ಲೇಯಾ ಎದ್ದು ತೆರೆಯ ಹತ್ತಿರಕ್ಕೇ ಹೋಗಿ ನಿಂತಳು. ತಂಗಿಯ ಮುಖದ ಬೆಳಕು ಅವಳ ಮುಖದ ಮೇಲೆ ಬಿತ್ತು. ಮುಗಿದಾಗ ಅವಳು ಮೆಲ್ಲನೆ ತಿರುಗಿದಳು.

“ಸಾಹೇಬ್ರೇ, ನಾನು ನಿಮ್ಮನ್ನ ನಂಬಬಹುದಾ?”

“ಇದೇನು ಮಾತು ಲೇಯಾಬಾಯಿ? ಕೊನೇಗೆ ಏನಂದಳು?”

“‘ನನ್ನ ಹುಡುಕಿಕೊಂಡು ಒಬ್ಬ ಬರ್ತಾನೆ. ಅವನಿಗೆ ನನ್ನ ಹೆಸರು ಹೇಳಬೇಡ. ಅವನಿಗೆ ಗೊತ್ತಾದ್ರೆ ಅವನನ್ನ ಕಳಿಸಿದೋನಿಗೆ ಗೊತ್ತಾಗುತ್ತೆ.’”

“ಒಬ್ಬ ಅಂದ್ರೆ ಯಾರು?”

“ಹೆಸರು ಹೇಳಿದಳು. ಎರಡು ಸಲ.”

“ಯಾರ ಹೆಸರು?”

“ಜಾಲ್ ಪಾವ್ರಿ.”

ಸುರ್ವೆಯ ಕೈಯಿಂದ ಡಬ್ಬಿಯ ಮುಚ್ಚಳ ಜಾರಿ ನೆಲದ ಮೇಲೆ ಉರುಳಿತು. ಅದು ಉರುಳಿ, ಗೋಡೆಗೆ ತಾಗಿ ಮಲಗಿತು.

ಪಾವ್ರಿ ಲೆಕ್ಕ ಹಾಕಿದರು. ವಿಸರ್ಜನೆಯ ದಿನ ಕುಣಿತದ ಫಿಲ್ಮು ಲ್ಯಾಬಿಗೂ ಹೋಗಿರಲಿಲ್ಲ. ಎಂಟನೆಯವಳೊಬ್ಬಳು ಇದ್ದಾಳೆಂದು ಈ ಸ್ಟುಡಿಯೋದಲ್ಲಿ ಸುರ್ವೆಯ ಹೊರತು ಯಾರಿಗೂ ತಿಳಿದಿರಲಿಲ್ಲ. ಅವತ್ತು ಅವರು ದಾದರಿನ ಮನೆಯಲ್ಲಿ ಖೊರ್ಶೇದ್ ಮಾಡಿದ ಮೀನು ತಿಂದು ಮಲಗಿದ್ದರು. ಜಮನಾದಾಸ್ ಶೇಠರ ಹೆಸರನ್ನು ಅವರು ಪೋಸ್ಟರಿನ ಕೆಳಗಲ್ಲದೆ ಬೇರೆಲ್ಲೂ ಕಂಡವರಲ್ಲ. ಶೇಠರ ಫೋನು ಬಂದದ್ದು ನಿನ್ನೆ.

ಅವರನ್ನು ಇಲ್ಲಿಗೆ ಕರೆಸುವುದು ಆಗಲೇ ತೀರ್ಮಾನವಾಗಿತ್ತು. ರಿವ್ಕಾಳಿಗೂ ಅದು ಗೊತ್ತಿತ್ತು; ಶೇಠರಿಗೆ ಬೇಕಾದದ್ದು ಒಪ್ಪಿಗೆಯಲ್ಲ, ಅವಳ ಹೆಸರು.

ಹೊರಗೆ ಚಪ್ಪಲಿಯ ಸದ್ದಾಯಿತು. ಬಾಗಿಲು ಎಳೆದ ರಭಸಕ್ಕೆ ಚಿಲಕ ಕುಣಿಯಿತು.

“ಪಾವ್ರಿಜಿ! ಒಳಗೇ ಇದ್ದೀರಂತೆ!” ಜಮನಾದಾಸ್ ಶೇಠರ ದನಿಯಲ್ಲಿ ಬೆಳಗಿನ ಸಿಡುಕು ಇರಲಿಲ್ಲ, ತುಂಬ ಸಲುಗೆಯಿತ್ತು. “ಏನಾಯ್ತು? ಸಿಕ್ಕಿದಳಾ? ಹೆಸರೊಂದು ಹೇಳಿಬಿಡಿ ಸಾಕು, ಕುಣಿತಕ್ಕೆ ನಾನು ಕತ್ತರಿ ಹಾಕಲ್ಲ. ಲೇಯಾಬಾಯಿಗೂ ಸಮಾಧಾನ ಆಗುತ್ತೆ.”

ಲೇಯಾ ಪಾವ್ರಿಯವರನ್ನು ನೋಡಿದಳು. ಬೇಡಿಕೊಳ್ಳಲಿಲ್ಲ, ತಲೆಯನ್ನೂ ಅಲ್ಲಾಡಿಸಲಿಲ್ಲ. 

ಪಾವ್ರಿ ಪ್ರೊಜೆಕ್ಟರಿನಿಂದ ಫಿಲ್ಮಿನ ತುಂಡನ್ನು ಬಿಡಿಸಿ, ಸುತ್ತಿ, ಕೋಟಿನ ಒಳಜೇಬಿಗೆ ಹಾಕಿಕೊಂಡರು. ಆಮೇಲೆ ಹೋಗಿ ಚಿಲಕ ತೆಗೆದರು.

“ಇಲ್ಲ ಶೇಠ್‌ಜಿ,” ಎಂದರು. “ಅವಳು ಯಾರು ಅಂತ ನನಗೆ ಒಂದಿಷ್ಟೂ ತಿಳೀತಿಲ್ಲ.”